ಪಿಕಪ್‌ಗೆ, ಕ್ಯಾಂಪರ್‌ಗೆ ಎಂಥ ಏಣಿ? ಅಳತೆ, ಭಾರ ಮತ್ತು ಮಲೆನಾಡಿನ ಜಾರುವ ನೆಲ

ಕೊಯ್ಲು ಮುಗಿದು ಅಡಿಕೆ ಒಣಗಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗದ ಎಪಿಎಂಸಿ ಯಾರ್ಡಿಗೆ ಪಿಕಪ್‌ಗಳ ಓಡಾಟ ಹೆಚ್ಚುತ್ತದೆ. ಹೊರಡುವ ಮೊದಲು ಚೀಲಗಳ ಮೇಲೆ ಟಾರ್ಪಾಲು ಹೊದೆಸಬೇಕು. ಹೊದೆಸುವವರು ಹತ್ತುವುದು ಟೈರಿನ ಮೇಲೊಂದು ಕಾಲು, ಪಕ್ಕದ ಹಲಗೆಯ ಮೇಲೊಂದು ಕಾಲು ಇಟ್ಟು. ಟೈರು ದುಂಡಗಿರುತ್ತದೆ, ಕೆಸರು ಮೆತ್ತಿರುತ್ತದೆ. ಹತ್ತುವಾಗ ಹೇಗೋ ಆಗುತ್ತದೆ. ಇಳಿಯುವಾಗ ಮಾತ್ರ ಕಾಲಿಡುವ ಜಾಗವೇ ಕಾಣುವುದಿಲ್ಲ. ಇನ್ನೊಂದು ಕಡೆ, ಆಗುಂಬೆ, ಕೊಡಚಾದ್ರಿ, ಶರಾವತಿ ಹಿನ್ನೀರಿನ ದಾರಿಗಳಲ್ಲಿ ಚಾವಣಿಯ ಮೇಲೆ ಡೇರೆ ಕಟ್ಟಿಕೊಂಡ ಜೀಪುಗಳು, ಒಳಗೇ ಮಲಗುವ ವ್ಯವಸ್ಥೆಯಿರುವ ವ್ಯಾನುಗಳು ಕಾಣಿಸುತ್ತಿವೆ. ಇಬ್ಬರಿಗೂ ಬೇಕಾದದ್ದು ಒಂದೇ: ಮಡಿಚಿ ಗಾಡಿಯಲ್ಲೇ ಇಟ್ಟುಕೊಳ್ಳಬಹುದಾದ ಏಣಿ.

‘ಕ್ಯಾಂಪರ್’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥವಿದೆ. ಮಲೆನಾಡಿನ ತೋಟಗಳಲ್ಲಿ ಕ್ಯಾಂಪರ್ ಎಂದರೆ ಮುಂದೆ ಎರಡು ಸಾಲು ಸೀಟು, ಹಿಂದೆ ಗಿಡ್ಡ ತೊಟ್ಟಿ ಇರುವ ಬೊಲೆರೊ. ಪ್ರವಾಸ ಹೋಗುವವರ ಬಾಯಲ್ಲಿ ಅದು ಮಲಗುವ ಗಾಡಿ. ಈ ಲೇಖನದಲ್ಲಿ ಎರಡೂ ಬರುತ್ತವೆ.

ಮೊದಲ ಪ್ರಶ್ನೆ: ಏಣಿಯ ಮೇಲೆ ನಿಂತು ಕೆಲಸವೋ, ಏಣಿಯಿಂದ ಆಚೆ ದಾಟುವುದೋ?

ಏಣಿಗಳಲ್ಲಿ ಹತ್ತಾರು ಬಗೆ ಇದ್ದರೂ ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಇಂಗ್ಲಿಷಿನ ‘ಎ’ ಅಕ್ಷರದಂತೆ ಕಾಲಗಲಿಸಿ ತಾನೇ ನಿಲ್ಲುವ ಏಣಿ ಸ್ಟೆಪ್ ಲ್ಯಾಡರ್. ಮನೆಯಲ್ಲಿ ಫ್ಯಾನ್ ಒರೆಸಲು ಬಳಸುವುದು ಇದನ್ನೇ. ಅದರ ಮೇಲೆ ನಿಂತು ಕೆಲಸ ಮಾಡಬಹುದು. ಅದರಿಂದ ಲೋಡಿನ ಮೇಲಕ್ಕೆ ದಾಟಬಾರದು. ಒಂದು ಕಾಲನ್ನು ಚೀಲದ ಮೇಲಿಟ್ಟು ಇನ್ನೊಂದರಿಂದ ಒತ್ತಿದ ಕ್ಷಣ ಏಣಿ ಹಿಂದಕ್ಕೆ ಒದ್ದಂತಾಗಿ ಉರುಳುತ್ತದೆ. ಆ ಹೊತ್ತಿಗೆ ನೀವು ಮೇಲೂ ಇರುವುದಿಲ್ಲ, ಕೆಳಗೂ ಇರುವುದಿಲ್ಲ.

ದಾಟುವ ಕೆಲಸಕ್ಕೆ ಬೇಕಾದದ್ದು ಒರಗಿಸುವ ಅಥವಾ ಕೊಕ್ಕೆ ಹಾಕಿ ನೇತುಹಾಕುವ ಏಣಿ. ಅದರ ತುದಿ ಗಾಡಿಗೆ ಸಿಕ್ಕಿಕೊಂಡಿರುವುದರಿಂದ ಕಾಲು ಎತ್ತಿದರೂ ಅದು ಹಿಂದೆ ಸರಿಯದು. ತೊಟ್ಟಿಯೊಳಗೆ ಹತ್ತುವುದು, ಚಾವಣಿಯ ಡೇರೆಗೆ ಏರುವುದು, ಕ್ಯಾರಿಯರ್ ಮೇಲಿನ ಸಾಮಾನಿನ ಬಳಿ ಹೋಗುವುದು ಇವೆಲ್ಲ ದಾಟುವ ಕೆಲಸಗಳು. ಪಕ್ಕದಲ್ಲಿ ನಿಂತು ಟಾರ್ಪಾಲು ಎಳೆಯುವುದು, ಕ್ಯಾರಿಯರ್ ಹಗ್ಗ ಬಿಚ್ಚುವುದು, ಗಾಜು ಒರೆಸುವುದು ನಿಂತು ಮಾಡುವ ಕೆಲಸಗಳು.

ಅಂಗಡಿಯಲ್ಲಿ ಇನ್ನೆರಡು ಹೆಸರು ಕೇಳುತ್ತೀರಿ. ಟೆಲಿಸ್ಕೋಪಿಕ್ ಎಂದರೆ ಕೊಳವೆಯೊಳಗೆ ಕೊಳವೆ ಸೇರಿ ಕುಗ್ಗುವ ಏಣಿ. ಮೂರು ಮೀಟರಿನದ್ದೂ ಕುಗ್ಗಿದಾಗ ಮೂರಡಿಯೊಳಗೆ ಬರುತ್ತದೆ. ಮಲ್ಟಿಪರ್ಪಸ್ ಎಂದರೆ ಮೂರ್ನಾಲ್ಕು ಕಡೆ ಕೀಲಿರುವ ಏಣಿ. ‘ಎ’ ಆಕಾರದಲ್ಲೂ ನಿಲ್ಲಿಸಬಹುದು, ನೇರ ಮಾಡಿ ಒರಗಿಸಲೂಬಹುದು. ಎರಡೂ ಕೆಲಸ ಇರುವವರಿಗೆ ಇದು ಹೊಂದುತ್ತದೆ. ತೂಕ ಮಾತ್ರ 12 ಕೆ.ಜಿ. ದಾಟುವುದು ಸಾಮಾನ್ಯ. ದಿನಕ್ಕೆ ಹತ್ತು ಸಲ ಇಳಿಸಿ ಏರಿಸುವವರು ಅಂಗಡಿಯಲ್ಲೇ ಒಮ್ಮೆ ಎತ್ತಿ ನೋಡಿ.

ಟೇಪು ಹಿಡಿದು ಅಳೆಯಿರಿ

ಜಾಹೀರಾತಿನಲ್ಲಿ ‘ಎತ್ತರ’ ಎಂದರೆ ಮೂರು ಬೇರೆ ಬೇರೆ ಸಂಗತಿ ಇರಬಹುದು: ಮಡಿಚಿದಾಗಿನ ಉದ್ದ, ನಿಲ್ಲಿಸಿದಾಗ ತುದಿಯ ಎತ್ತರ, ಅಥವಾ ಅದರ ಮೇಲೆ ನಿಂತವರ ಕೈ ಮುಟ್ಟುವ ಎತ್ತರ. ಮೂರನೆಯದು ದೊಡ್ಡ ಸಂಖ್ಯೆ, ಅದಕ್ಕೇ ದಪ್ಪಕ್ಷರದಲ್ಲಿರುತ್ತದೆ. ನಿಮಗೆ ಬೇಕಾದದ್ದು ಇವು ಯಾವುದೂ ಅಲ್ಲ. ಕಾಲು ಊರುವ ಮೆಟ್ಟಿಲು ನೆಲದಿಂದ ಎಷ್ಟು ಮೇಲಿದೆ ಎಂಬುದು ಮುಖ್ಯ.

ಲೆಕ್ಕ ಹೀಗೆ. ಎರಡೂ ಕೈಯಿಂದ ಸಲೀಸಾಗಿ ಕೆಲಸ ಮಾಡುವ ಎತ್ತರವೆಂದರೆ ಎದೆಯಿಂದ ಗಲ್ಲದವರೆಗೆ. ಐದೂವರೆ ಅಡಿಯ ಆಳಿಗೆ ಅದು ಪಾದದಿಂದ ಸುಮಾರು 1.3 ಮೀಟರ್. ಲೋಡಿನ ತಲೆ ನೆಲದಿಂದ 2.5 ಮೀಟರ್ ಇದ್ದರೆ, 2.5ರಿಂದ 1.3 ಕಳೆದು 1.2 ಮೀಟರ್. ಅಷ್ಟು ಎತ್ತರದಲ್ಲಿ ಕಾಲಿಡುವ ಮೆಟ್ಟಿಲು ಬೇಕು. ಮೆಟ್ಟಿಲುಗಳ ನಡುವೆ 25 ಸೆಂ.ಮೀ. ಇದ್ದರೆ ಅದು ಐದನೇ ಮೆಟ್ಟಿಲು.

ಇಲ್ಲಿ ಹಲವರು ಐದು ಮೆಟ್ಟಿಲಿನ ಏಣಿ ಕೊಂಡು ತರುತ್ತಾರೆ. ಸಾಮಾನ್ಯ ‘ಎ’ ಏಣಿಯಲ್ಲಿ ಮೇಲಿನ ಎರಡು ಮೆಟ್ಟಿಲ ಮೇಲೆ ನಿಲ್ಲುವಂತಿಲ್ಲ. ಮೊಣಕಾಲಿಗೆ ಆನಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಐದನೆಯದರಲ್ಲಿ ನಿಲ್ಲಬೇಕಾದರೆ ಏಳು ಮೆಟ್ಟಿಲಿನದ್ದು ಬೇಕು. ಮೇಲೆ ಅಗಲವಾದ ಹಲಗೆ, ಅದರಾಚೆ ಸೊಂಟದ ಮಟ್ಟಕ್ಕೆ ಹಿಡಿಕೆ ಇರುವ ಬಗೆಯಾದರೆ ಮಾತ್ರ ಐದು ಸಾಕು. ಆ ಹಲಗೆ ನಿಲ್ಲಲಿಕ್ಕೆಂದೇ ಇರುವುದು.

ಹೆಚ್ಚು ಎತ್ತರ ಇದ್ದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ. ಎತ್ತರ ಹೆಚ್ಚಿದಷ್ಟೂ ತೂಕ ಹೆಚ್ಚು, ಮಡಿಚಿದ ಉದ್ದ ಹೆಚ್ಚು. ಕ್ಯಾಂಪರ್ ಬೊಲೆರೊದ ಗಿಡ್ಡ ತೊಟ್ಟಿಯಲ್ಲಿ ಅದು ಓರೆಯಾಗಿ ನಿಂತು ಲೋಡಿನ ಜಾಗ ತಿನ್ನುತ್ತದೆ, ಕೊನೆಗೆ ಮನೆಯಲ್ಲೇ ಉಳಿಯುತ್ತದೆ. ತೊಟ್ಟಿಯ ಒಳಗಿನ ಉದ್ದವನ್ನೂ ಅಳೆದು ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ.

ಏಣಿಯ ಮೇಲಿಂದ ಹಗ್ಗ ಬಿಗಿಯಬೇಡಿ

ಇದನ್ನು ಬೇರೆಯಾಗಿಯೇ ಹೇಳಬೇಕು. ‘ಎ’ ಏಣಿ ಹಿಂದುಮುಂದಿನ ದಿಕ್ಕಿನಲ್ಲಿ ಅಗಲ, ಪಕ್ಕದ ದಿಕ್ಕಿನಲ್ಲಿ ಕಿರಿದು. ಕಾಲುಗಳ ನಡುವೆ ಪಕ್ಕಕ್ಕೆ 50 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. ಆಳು, ಏಣಿ ಸೇರಿ 80 ಕೆ.ಜಿ. ತೂಕ ನಡುವೆ ನಿಂತಿದೆ. ಪಕ್ಕದ ಕಾಲಿನಿಂದ ಅದಕ್ಕಿರುವ ದೂರ 25 ಸೆಂ.ಮೀ. ಮಾತ್ರ. ಕೈ ನೆಲದಿಂದ 2.4 ಮೀಟರ್ ಮೇಲಿದೆ. 80ನ್ನು 0.25ರಿಂದ ಗುಣಿಸಿ 2.4ರಿಂದ ಭಾಗಿಸಿದರೆ ಸುಮಾರು 8 ಬರುತ್ತದೆ. ಅಂದರೆ 8 ಕೆ.ಜಿ.ಯಷ್ಟು ಬಲದಲ್ಲಿ ಪಕ್ಕಕ್ಕೆ ಎಳೆದರೂ ಏಣಿ ಮಗುಚಲು ಸಾಕು. ಟಾರ್ಪಾಲಿನ ಹಗ್ಗ ಬಿಗಿಯುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತೇವೆ.

ಆದ್ದರಿಂದ ಏಣಿಯ ಮೇಲೆ ನಿಂತು ಟಾರ್ಪಾಲು ಹರಡಿ, ಮಡಿಕೆ ಸರಿಮಾಡಿ, ಹಗ್ಗವನ್ನು ಆಚೆ ಬದಿಗೆ ಎಸೆಯಿರಿ. ಇಳಿದು ನೆಲದ ಮೇಲೆ ನಿಂತು ಬಿಗಿಯಿರಿ. ಮೇಲಿರುವಷ್ಟು ಹೊತ್ತು ಹೊಕ್ಕುಳು ಏಣಿಯ ಎರಡು ಕಂಬಗಳ ನಡುವೆಯೇ ಇರಲಿ. ಕೈಗೆ ಎಟುಕದಿದ್ದರೆ ಬಾಗಬೇಡಿ, ಇಳಿದು ಏಣಿ ಸರಿಸಿ. ಒಂದು ಪಿಕಪ್ ಸುತ್ತ ಏಣಿಯನ್ನು ನಾಲ್ಕಾರು ಸಲ ಸರಿಸಬೇಕಾಗುವುದರಿಂದಲೇ ಹಗುರದ ಏಣಿಗೆ ಬೆಲೆ.

ನೆಲ: ಇಲ್ಲೇ ಹೆಚ್ಚು ಏಣಿಗಳು ಸೋಲುವುದು

ಏಣಿಯ ಪೆಟ್ಟಿಗೆಯ ಮೇಲಿನ ಚಿತ್ರಗಳೆಲ್ಲ ಟೈಲ್ಸ್ ನೆಲದವು. ಮಲೆನಾಡಿನಲ್ಲಿ ಗಾಡಿ ನಿಲ್ಲುವುದು ಕೆಮ್ಮಣ್ಣಿನ ಮೇಲೆ, ಜಂಬಿಟ್ಟಿಗೆ ಪುಡಿಯ ಮೇಲೆ, ಹಾವಸೆ ಕಟ್ಟಿದ ಅಂಗಳದಲ್ಲಿ, ಇಳಿಜಾರಿನಲ್ಲಿ.

ಮೆತ್ತಗಿನ ಮಣ್ಣಿನಲ್ಲಿ ಏಣಿ ಹೂತುಕೊಳ್ಳುತ್ತದೆ. ಯಾಕೆಂದರೆ ಅದರ ಪಾದ ಸಣ್ಣದು. ಒಂದು ಪಾದ 4 ಸೆಂ.ಮೀ.ಗೆ 3 ಸೆಂ.ಮೀ. ಇದ್ದರೆ ನಾಲ್ಕೂ ಸೇರಿ 48 ಚದರ ಸೆಂ.ಮೀ. ಸಾಮಾನು ಹಿಡಿದ ಆಳು ಮತ್ತು ಏಣಿ ಒಟ್ಟು 88 ಕೆ.ಜಿ. ಎಂದರೆ ಚದರ ಸೆಂ.ಮೀ.ಗೆ ಸುಮಾರು 1.8 ಕೆ.ಜಿ. ಒತ್ತಡ. ಬರಿಗಾಲಲ್ಲಿ ನೆಲದ ಮೇಲೆ ನಿಂತಾಗ ಇರುವುದಕ್ಕಿಂತ ಇದು ಹಲವು ಪಟ್ಟು ಹೆಚ್ಚು. ನಾವು ಹೂತುಕೊಳ್ಳದ ಗದ್ದೆಬದುವಿನಲ್ಲಿ ಏಣಿ ಹೂತುಕೊಳ್ಳುವುದು ಇದಕ್ಕೇ. ಕಷ್ಟ ಏನೆಂದರೆ ನಾಲ್ಕೂ ಕಾಲು ಒಂದೇ ಸಮ ಇಳಿಯುವುದಿಲ್ಲ. ಮೇಲೆ ಹೋದ ಮೇಲೆ ಒಂದು ಕಾಲು ಎರಡು ಇಂಚು ಇಳಿದರೂ ತುದಿ ಅದಕ್ಕಿಂತ ಎಷ್ಟೋ ಹೆಚ್ಚು ಓಲಾಡುತ್ತದೆ.

ಪರಿಹಾರ ಅಗ್ಗದ್ದು. ಒಂದಡಿ ಅಗಲ, ಎರಡಡಿ ಉದ್ದ, ಮುಕ್ಕಾಲು ಇಂಚು ದಪ್ಪದ ಪ್ಲೈವುಡ್ ಹಲಗೆ ಎರಡು. ಮುಂದಿನ ಜೋಡಿ ಕಾಲಿಗೊಂದು, ಹಿಂದಿನ ಜೋಡಿಗೊಂದು. ಅದೇ 88 ಕೆ.ಜಿ. ಈಗ ಸುಮಾರು 3,600 ಚದರ ಸೆಂ.ಮೀ. ಮೇಲೆ ಹರಡಿತು, ಒತ್ತಡ ಎಪ್ಪತ್ತೈದು ಪಟ್ಟು ಇಳಿಯಿತು. ಹಲಗೆಯ ಅಂಚಿಗೆ ಒಂದಿಂಚಿನ ರೀಪಿನ ತುಂಡು ಹೊಡೆದರೆ ಏಣಿಯ ಪಾದ ಜಾರಿ ಹಲಗೆಯಿಂದ ಆಚೆ ಹೋಗದು.

ಹಾವಸೆಗೆ ಈ ಹಲಗೆ ಮದ್ದಲ್ಲ. ಹಾವಸೆಯ ಮೇಲೆ ಹಲಗೆಯೇ ಜಾರುತ್ತದೆ. ಏಣಿಯ ರಬ್ಬರ್ ಪಾದ ಹಿಡಿಯುವುದು ಗಟ್ಟಿ ನೆಲವನ್ನು. ನಡುವೆ ಲೋಳೆಯ ಪದರ ಇದ್ದರೆ ರಬ್ಬರಿಗೆ ನೆಲ ಸಿಗುವುದೇ ಇಲ್ಲ. ಗಾಡಿ ನಿಲ್ಲಿಸುವ ಜಾಗವನ್ನಾದರೂ ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಿಂದ ಉಜ್ಜಿಡಿ. ಆಗದಿದ್ದರೆ ಆ ಅಂಗಳದಲ್ಲಿ ಏಣಿ ಹಾಕಬೇಡಿ, ಗಾಡಿಯನ್ನೇ ಜಲ್ಲಿಯ ಮೇಲೆ ತನ್ನಿ.

ಇಳಿಜಾರಿನಲ್ಲಿ ತಗ್ಗಿನ ಕಾಲಿಗೆ ಕಲ್ಲು, ಇಟ್ಟಿಗೆ ಕೊಡುವ ಅಭ್ಯಾಸ ಇದೆ. ಕಲ್ಲು ಹೊರಳುತ್ತದೆ, ಇಟ್ಟಿಗೆ ಒಡೆಯುತ್ತದೆ. ಅದರ ಬದಲು ಎತ್ತರದ ಕಡೆಯ ಮಣ್ಣನ್ನು ಗುದ್ದಲಿಯಿಂದ ಎರಡು ಇಂಚು ಕೆತ್ತಿ ಮಟ್ಟ ಮಾಡಿ. ಅಂಥ ಜಾಗದಲ್ಲಿ ಹೆಚ್ಚು ಕೆಲಸ ಮಾಡುವವರು ಕಾಲನ್ನು ಒಂದೊಂದಾಗಿ ಉದ್ದಗಿಡ್ಡ ಮಾಡಬಹುದಾದ ಏಣಿ ಕೊಳ್ಳಬಹುದು.

ಒರಗಿಸುವ ಏಣಿಗೆ ನಾಲ್ಕಕ್ಕೊಂದು

ಏಣಿ ತಾಗುವ ಜಾಗ ನಾಲ್ಕಡಿ ಮೇಲಿದ್ದರೆ ಬುಡ ಒಂದಡಿ ಹೊರಗಿರಬೇಕು. ಎಂಟಡಿ ಇದ್ದರೆ ಎರಡಡಿ. ಆಗ ಏಣಿ ನೆಲದೊಂದಿಗೆ ಸುಮಾರು 75 ಡಿಗ್ರಿ ಕೋನ ಮಾಡುತ್ತದೆ. ಟೇಪು ಇಲ್ಲದಿದ್ದರೆ ಕಾಲ್ಬೆರಳನ್ನು ಏಣಿಯ ಬುಡಕ್ಕೆ ತಾಗಿಸಿ ನೆಟ್ಟಗೆ ನಿಂತು ಕೈ ಮುಂದೆ ಚಾಚಿ. ಅಂಗೈ ಭುಜದ ಮಟ್ಟದ ಮೆಟ್ಟಿಲನ್ನು ಮುಟ್ಟಿದರೆ ಕೋನ ಸರಿ.

ಯಾಕೆ ನಾಲ್ಕಕ್ಕೊಂದು? ಆಳು ತುದಿಯ ಹತ್ತಿರ ಇದ್ದಾಗ ಏಣಿಯ ಬುಡ ಅವರ ತೂಕದ ಸುಮಾರು ಕಾಲುಭಾಗದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಬುಡವನ್ನು ಇನ್ನೂ ಹೊರಗೆಳೆದು ಎರಡಕ್ಕೊಂದು ಮಾಡಿದರೆ ತಳ್ಳುವ ಬಲ ತೂಕದ ಅರ್ಧಕ್ಕೇರುತ್ತದೆ. ಒದ್ದೆ ನೆಲ ಅಷ್ಟನ್ನು ತಡೆಯುವುದಿಲ್ಲ. ತೀರಾ ನೆಟ್ಟಗೆ ನಿಲ್ಲಿಸಿದರೆ ಏರುವಾಗ ಆಳೇ ಹಿಂದಕ್ಕೆ ವಾಲುತ್ತಾರೆ.

ಗಾಡಿಗೆ ಒರಗಿಸುವುದರಲ್ಲಿ ಗೋಡೆಗಿಲ್ಲದ ಒಂದು ತೊಡಕಿದೆ. ಗಾಡಿ ಅಲುಗಾಡುತ್ತದೆ. ಒಬ್ಬರು ತೊಟ್ಟಿಗೆ ಹತ್ತಿದರೆ ಗಾಡಿಯಡಿಯ ಸ್ಪ್ರಿಂಗ್ ಪಟ್ಟಿ ಬಗ್ಗಿ ಹಿಂಭಾಗ ತಗ್ಗುತ್ತದೆ, ಇಳಿದರೆ ಏಳುತ್ತದೆ. ಏಣಿಯ ತುದಿಗೆ ಕೊಕ್ಕೆ ಇರಬೇಕು, ಇಲ್ಲವೇ ಹಗ್ಗದಿಂದ ಕಟ್ಟಬೇಕು ಎನ್ನುವುದು ಇದಕ್ಕೇ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಗಾಲಿಗೆ ಅಡ್ಡ ಕಲ್ಲು ಕೊಟ್ಟ ಮೇಲೆಯೇ ಏಣಿ ಮುಟ್ಟಿ. ಒರಗಿಸುವ ಜಾಗ ಕಬ್ಬಿಣದ ಪಟ್ಟಿಯಾಗಿರಲಿ. ಪ್ಲಾಸ್ಟಿಕ್ ಬಂಪರು, ಗಾಜು, ಟಾರ್ಪಾಲು ಬೇಡ. ಇಳಿಬಿಟ್ಟ ಹಿಂಬಾಗಿಲು ಬರೀ ಸರಪಳಿಯ ಮೇಲೆ ನೇತಾಡುತ್ತಿದ್ದರೆ ಅದರ ಅಂಚಿಗೂ ಬೇಡ. ಕೊಕ್ಕೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದರೆ ಜಾರುವುದೂ ಇಲ್ಲ, ಬಣ್ಣವೂ ಕೀಳುವುದಿಲ್ಲ.

ದಾಟಬೇಕಾದ ಮಟ್ಟಕ್ಕಿಂತ ಏಣಿಯ ತುದಿ ಸುಮಾರು ಮೂರಡಿ ಮೇಲೆ ಚಾಚಿರಬೇಕು, ದಾಟುವಾಗ ಕೈಗೆ ಆಸರೆ ಅದೇ. ಗಾಡಿಯಲ್ಲೇ ಗಟ್ಟಿ ಹಿಡಿಕೆ ಇದ್ದರೆ ಅಷ್ಟು ಉದ್ದ ಬೇಕಿಲ್ಲ.

ಭಾರದ ಲೆಕ್ಕ

ಏಣಿಯ ಮೇಲಿನ ಚೀಟಿಯಲ್ಲಿ ಗರಿಷ್ಠ ಭಾರ ಬರೆದಿರುತ್ತದೆ. ಯುರೋಪಿನ ಇಎನ್ 131 ಮಾನದಂಡದ ಏಣಿಗಳಿಗೆ ಅದು 150 ಕೆ.ಜಿ. ಅಮೆರಿಕದ ಪದ್ಧತಿಯಲ್ಲಿ ಟೈಪ್ 3 ಎಂದರೆ ಸುಮಾರು 90 ಕೆ.ಜಿ., ಟೈಪ್ 2 ಎಂದರೆ 102, ಟೈಪ್ 1 ಎಂದರೆ 113, ಟೈಪ್ 1ಎ ಎಂದರೆ 136. ಇದು ಆಳಿನ ತೂಕವಲ್ಲ, ಆಳು, ಬಟ್ಟೆ, ಬೂಟು, ಕೈಯಲ್ಲಿರುವ ಸಾಮಾನು ಎಲ್ಲ ಸೇರಿದ್ದು. 75 ಕೆ.ಜಿ.ಯ ಆಳು, ಒದ್ದೆ ರೈನ್‌ಕೋಟು, ಬೂಟು, ಮಡಿಚಿದ ಟಾರ್ಪಾಲು ಎಂದರೆ 90 ಮುಟ್ಟಿತು. ಧಡಕ್ಕನೆ ಕಾಲೂರಿದಾಗ ಆ ಕ್ಷಣದ ಭಾರ ಇನ್ನೂ ಹೆಚ್ಚು. ಗಾಡಿ ಕೆಲಸಕ್ಕೆ 150 ಕೆ.ಜಿ.ಯದ್ದನ್ನೇ ನೋಡಿ. ಚೀಟಿಯೇ ಇಲ್ಲದ ಏಣಿ ಎಷ್ಟೇ ಅಗ್ಗವಿದ್ದರೂ ಬೇಡ.

150 ಇದೆ ಎಂದು 50 ಕೆ.ಜಿ.ಯ ಕಾಫಿ ಚೀಲ ಹೊತ್ತು ಏರುವಂತಿಲ್ಲ. ಲೆಕ್ಕ ಸರಿಹೋದರೂ ಹಿಡಿದುಕೊಳ್ಳಲು ಕೈ ಇರುವುದಿಲ್ಲ. ಏರುವಾಗ ಎರಡು ಕಾಲು ಒಂದು ಕೈ, ಅಥವಾ ಎರಡು ಕೈ ಒಂದು ಕಾಲು ಯಾವಾಗಲೂ ಏಣಿಗೆ ಅಂಟಿರಬೇಕು. ಚೀಲಕ್ಕೆ ಹಲಗೆಯ ಇಳಿಜಾರು ಕೊಡಿ, ಅಥವಾ ಇಬ್ಬರು ಕೆಳಗಿಂದ ಎತ್ತಿಕೊಡಿ.

ಅಲ್ಯೂಮಿನಿಯಂ, ಕಬ್ಬಿಣ, ಫೈಬರ್

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಂಥ ಕಡೆ ಕಬ್ಬಿಣದ ಏಣಿ ಹೊರಗಿಂದ ಚೆನ್ನಾಗಿ ಕಂಡರೂ ಒಳಗಿಂದ ತುಕ್ಕು ತಿನ್ನುತ್ತದೆ. ಕೊಳವೆಯ ತೂತುಗಳಿಂದ ಇಳಿದ ನೀರು ರಬ್ಬರ್ ಪಾದದಲ್ಲಿ ನಿಲ್ಲುತ್ತದೆ, ಕಾಲು ಅಲ್ಲಿಂದಲೇ ಕೊಳೆಯುತ್ತದೆ. ಮಳೆಗಾಲದಲ್ಲಿ ಆಗಾಗ ಪಾದ ಕಳಚಿ ನೀರು ಬಸಿಯಿರಿ.

ಅಲ್ಯೂಮಿನಿಯಂ ಹಗುರ, ಕೆಂಪು ತುಕ್ಕು ಹಿಡಿಯದು. ಆದರೆ ಅದರಲ್ಲಿ ಕಬ್ಬಿಣದ ರಿವೆಟ್ ಇದ್ದರೆ ಒದ್ದೆಯಲ್ಲಿ ಎರಡು ಲೋಹ ಸೇರಿದ ಜಾಗ ಬಿಳಿ ಪುಡಿಯಾಗಿ ಸವೆಯುತ್ತದೆ. ರಿವೆಟ್ ಸುತ್ತ ಬಿಳಿ ಪುಡಿ ಕಂಡರೆ, ಮೆಟ್ಟಿಲು ಕೈಗೆ ಅಲುಗಾಡಿದರೆ ಆ ಏಣಿಯ ಕಾಲ ಮುಗಿಯಿತು. ಬಗ್ಗಿದ ಕಂಬವನ್ನು ಬಡಿದು ನೆಟ್ಟಗೆ ಮಾಡಬೇಡಿ. ಬಗ್ಗಿದಲ್ಲಿ ಕಣ್ಣಿಗೆ ಕಾಣದ ಬಿರುಕು ಉಳಿದಿರಬಹುದು.

ಫೈಬರ್ ಏಣಿ ಅದೇ ಅಳತೆಯ ಅಲ್ಯೂಮಿನಿಯಂಗಿಂತ ಭಾರ, ಬೆಲೆಯೂ ಹೆಚ್ಚು. ಒಣಗಿದ್ದು ಶುಭ್ರವಾಗಿದ್ದಾಗ ವಿದ್ಯುತ್ ಹರಿಸದು ಎಂಬುದೇ ಅದರ ಗುಣ. ವರ್ಷಗಟ್ಟಲೆ ಬಿಸಿಲಿಗೆ ಬಿಟ್ಟರೆ ಮೇಲ್ಮೈ ಒರಟಾಗಿ ಗಾಜಿನ ಎಳೆ ಕೈಗೆ ಚುಚ್ಚುತ್ತದೆ.

ಟೆಲಿಸ್ಕೋಪಿಕ್ ಬಗೆಗೆ ಇಲ್ಲಿಯ ಕೆಸರು, ಅಡಿಕೆ ಸಿಪ್ಪೆಯ ಧೂಳು ಒಗ್ಗುವುದಿಲ್ಲ. ಕೊಳವೆಯೊಳಗೆ ಹೊಕ್ಕರೆ ಬೀಗದ ಪಿನ್ ಪೂರ್ತಿ ಕೂರುವುದಿಲ್ಲ, ಕೂರದ ಪಿನ್ ಭಾರ ಬಿದ್ದಾಗ ಬಿಡುತ್ತದೆ. ಪ್ರತಿ ಹಂತದ ಪಿನ್ನೂ ಟಕ್ ಎಂದು ಕೂತಿತೇ ಎಂದು ನೋಡಿಯೇ ಕಾಲಿಡಿ. ಗ್ರೀಸ್ ಹಚ್ಚಬೇಡಿ, ಅದು ಧೂಳು ಹಿಡಿಯುತ್ತದೆ. ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ವಾರಾಂತ್ಯದ ಪ್ರವಾಸಕ್ಕೆ ಇದು ಸರಿ. ತೋಟದ ಗಾಡಿಗೆ ಗಟ್ಟಿ ಮೆಟ್ಟಿಲಿನ ಏಣಿಯೇ ಲೇಸು.

ತಲೆಯ ಮೇಲಿನ ತಂತಿ

ರಸ್ತೆಯಲ್ಲದ ಕಡೆ 11 ಕೆ.ವಿ. (11,000 ವೋಲ್ಟ್) ವರೆಗಿನ, ಹೊದಿಕೆಯಿಲ್ಲದ ವಿದ್ಯುತ್ ತಂತಿಗೆ ನಿಯಮ ಕೇಳುವ ಕನಿಷ್ಠ ಎತ್ತರ ನೆಲದಿಂದ 4.6 ಮೀಟರ್. 2.5 ಮೀಟರಿನ ಲೋಡಿನ ಮೇಲೆ ನಿಂತು ಕೈ ಎತ್ತಿದರೆ ಬೆರಳ ತುದಿ ಸರಿಸುಮಾರು ಅಲ್ಲಿಗೇ ಮುಟ್ಟುತ್ತದೆ. ಮರ ಬಿದ್ದು ಜೋತ ತಂತಿಯಾದರೆ ಇನ್ನೂ ಕೆಳಗೆ. ಅಲ್ಯೂಮಿನಿಯಂ ಏಣಿ ಮಾತ್ರವಲ್ಲ, ಒದ್ದೆಯಾದ ಬಿದಿರು, ಮರ, ಕೊಳೆ ಹಿಡಿದ ಫೈಬರ್ ಕೂಡ ವಿದ್ಯುತ್ ಹರಿಸುತ್ತವೆ. ಏಣಿ ಬಿಚ್ಚುವ ಮೊದಲು ತಲೆ ಎತ್ತಿ ನೋಡಿ, ತಂತಿ ಇದ್ದರೆ ಗಾಡಿ ಸರಿಸಿ. ಜೋತ ತಂತಿ ಕಂಡರೆ ಮೆಸ್ಕಾಂಗೆ 1912ಕ್ಕೆ ಹೇಳಿ.

ಬರೀ ಹತ್ತಿ ಇಳಿಯಲು, ಮಲಗಲು

ಮನೆಮಂದಿಯನ್ನು ವ್ಯಾನಿಗೆ ಹತ್ತಿಸಲು ಏಣಿ ಬೇಡ, ಮಡಿಚುವ ಮೆಟ್ಟಿಲು ಸ್ಟೂಲು ಸಾಕು. ಗಾಡಿಯ ನೆಲ 70 ಸೆಂ.ಮೀ. ಮೇಲಿದ್ದು 20 ಸೆಂ.ಮೀ.ಯ ಒಂದೇ ಮೆಟ್ಟಿಲು ಇಟ್ಟರೆ ಉಳಿದ 50 ಸೆಂ.ಮೀ. ಒಂದೇ ಹೆಜ್ಜೆ, ಮೊಣಕಾಲು ನೋವಿನ ಅಜ್ಜಿಗೆ ಅದು ಆಗದ ಮಾತು. ಎರಡು ಮೆಟ್ಟಿಲಿನದ್ದು ಇಟ್ಟರೆ ಮೂರು ಹೆಜ್ಜೆ, ಒಂದೊಂದೂ ಸುಮಾರು 23 ಸೆಂ.ಮೀ. ಬಾಗಿಲ ಪಕ್ಕ ಹಿಡಿಕೆ ಇಲ್ಲದಿದ್ದರೆ ಹಿಡಿಕೆಯಿರುವ ಸ್ಟೂಲನ್ನೇ ಕೊಳ್ಳಿ.

ಚಾವಣಿಯ ಡೇರೆಗಳಲ್ಲಿ ಬಿಚ್ಚಿ ಹೊರಚಾಚುವ ಬಗೆಯದ್ದಕ್ಕೆ ಏಣಿ ಬರೀ ದಾರಿಯಲ್ಲ, ಹಾಸಿಗೆಯ ಅರ್ಧಭಾಗವನ್ನು ಹೊತ್ತ ಕಂಬವೂ ಹೌದು. ರಾತ್ರಿ ಮಳೆ ಬಂದು ನೆಲ ಮೆತ್ತಗಾದರೆ ಏಣಿ ಹೂತು ಹಾಸಿಗೆ ವಾಲುತ್ತದೆ. ಇಲ್ಲೂ ಬುಡಕ್ಕೆ ಹಲಗೆ ಬೇಕು. ಮಲೆನಾಡಿನಲ್ಲಿ ಬೂಟನ್ನು ಕೆಳಗೆ ಬಿಟ್ಟರೆ ಬೆಳಿಗ್ಗೆಗೆ ಉಂಬಳ ಹೊಕ್ಕಿರುತ್ತದೆ, ಮೇಲೆ ಒಯ್ಯುವ ಚೀಲ ಇಟ್ಟುಕೊಳ್ಳಿ. ಬರಿಗಾಲಲ್ಲಿ ಏರುವುದಾದರೆ ದುಂಡು ಕೋಲಿನ ಮೆಟ್ಟಿಲು ಅಂಗಾಲು ಕೊರೆಯುತ್ತದೆ, ಚಪ್ಪಟೆಯದ್ದನ್ನು ಆರಿಸಿ.

ಅಂಗಡಿಯಲ್ಲಿ, ಆಮೇಲೆ ಗಾಡಿಯಲ್ಲಿ

ಏಣಿಯನ್ನು ಪೂರ್ತಿ ಬಿಚ್ಚಿಸಿ. ಸಮನೆಲದಲ್ಲಿ ನಾಲ್ಕೂ ಕಾಲು ಊರುತ್ತವೆಯೇ ನೋಡಿ. ಎರಡನೇ ಮೆಟ್ಟಿಲ ಮೇಲೆ ನಿಂತು ಸೊಂಟ ತಿರುಗಿಸಿ. ಕಂಬ ತಿರುಚಿದಂತಾದರೆ ಬಿಡಿ. ಮೆಟ್ಟಿಲ ಅಗಲ ಕಡೇಪಕ್ಷ 8 ಸೆಂ.ಮೀ. ಇರಲಿ, ಮೇಲೆ ಹಿಡಿತದ ಗೆರೆಗಳಿರಲಿ. ಕಾಲುಗಳನ್ನು ಹಿಡಿದಿಡುವುದು ಬರೀ ದಾರವಾಗಿರದೆ ಬೀಗ ಬೀಳುವ ಪಟ್ಟಿಯಾಗಿರಲಿ. ರಬ್ಬರ್ ಪಾದ ಬಿಡಿಯಾಗಿ ಸಿಗುತ್ತದೆಯೇ ಕೇಳಿ, ಮೊದಲು ಸವೆಯುವುದು ಅದೇ.

ಗಾಡಿಯಲ್ಲಿ ಏಣಿಯನ್ನು ಎರಡು ಕಡೆ ಕಟ್ಟಿ. ಒಂದೇ ಕಡೆ ಕಟ್ಟಿದರೆ ಘಾಟಿಯ ತಿರುವುಗಳಲ್ಲಿ ಬಡಿದು ಬಡಿದು ರಿವೆಟ್ ಸಡಿಲವಾಗುತ್ತದೆ. ಕಟ್ಟದೆ ಬಿಟ್ಟರೆ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ಕ್ಯಾರಿಯರ್ ಮೇಲಿಟ್ಟರೆ ತಗ್ಗಿನ ಕೊಂಬೆಗೆ ಸಿಗದಂತೆ ಮಲಗಿಸಿ ಕಟ್ಟಿ. ಎರಡು ಹಲಗೆಗಳನ್ನೂ ಅದೇ ಹಗ್ಗಕ್ಕೆ ಸೇರಿಸಿ ಕಟ್ಟಿದರೆ ಏಣಿ ಇಳಿಸಿದಾಗಲೆಲ್ಲ ಅವೂ ಜೊತೆಗೆ ಇಳಿಯುತ್ತವೆ.